ಇಲಿಯ ಹೊಟ್ಟೆ ಹೊಳೆಯುತ್ತಿದ್ದುದು ಡೈನಿಂದ ಅಲ್ಲ

ಹಾಸನದ ನಮ್ಮ ಲ್ಯಾಬಿನಲ್ಲಿ ಇಲಿಯ ಕಾಲಿನ ದುಗ್ಧರಸ ಗ್ರಂಥಿ (ಲಿಂಫ್ ನೋಡ್) ನೋಡಲು, ಬೆಳಕು ಬಿದ್ದಾಗ ತಾನೂ ಬೆಳಗುವ ಸೈ5.5 (Cy5.5) ಎಂಬ ಡೈ ಚುಚ್ಚುತ್ತಿದ್ದೆವು. ಚಿತ್ರದಲ್ಲಿ ಗ್ರಂಥಿಗಿಂತ ಹೊಟ್ಟೆಯೇ ಜೋರಾಗಿ ಬೆಳಗುತ್ತಿತ್ತು. ಡೈ ಹಾಕದ ಇಲಿಯನ್ನು ಕ್ಯಾಮೆರಾ ಕೆಳಗೆ ಮಲಗಿಸಿದೆ. ಅದರ ಹೊಟ್ಟೆಯೂ ಅಷ್ಟೇ! ಪಂಜರದಿಂದ ಆರಿಸಿಟ್ಟ ಹಿಕ್ಕೆ ಕೂಡ ಕೆಂಡದ ಹಾಗೆ ಹೊಳೆಯಿತು.

ಅಲ್ಲಿಗೆ ಅನುಮಾನ ಮೇವಿನ ಚೀಲದತ್ತ ತಿರುಗಿತು. ಲೇಬಲ್ ಓದಿದರೆ ಅದರಲ್ಲಿ ಕುದುರೆ ಮಸಾಲೆ ಸೊಪ್ಪಿನ ಪುಡಿ ಇತ್ತು. ಸೊಪ್ಪಿನ ಕ್ಲೋರೋಫಿಲ್ ಕೆಂಪು ಬೆಳಕು ಹೀರಿ 680 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನಲ್ಲಿ ತಾನೇ ಬೆಳಗುತ್ತದೆ. ಸೈ5.5 ಬೆಳಗುವುದೂ 700ರ ಹತ್ತಿರವೇ. ಫಿಲ್ಟರ್ ಬದಲಿಸಿ ಇವೆರಡನ್ನು ಬೇರ್ಪಡಿಸುವುದು ಕಷ್ಟ.

ಸೊಪ್ಪಿಲ್ಲದ ಶುದ್ಧೀಕರಿಸಿದ ಮೇವು ಕೊಡಲು ಶುರುಮಾಡಿದೆವು. ಕೆಲವೇ ದಿನಗಳಲ್ಲಿ ಹೊಟ್ಟೆ ಕಪ್ಪಾಯಿತು, ಗ್ರಂಥಿ ಚುಕ್ಕಿಯಂತೆ ಎದ್ದು ಕಂಡಿತು. ಎಷ್ಟು ಖುಷಿಯಾಯಿತೆಂದರೆ, ಆ ಚಿತ್ರವನ್ನು ಎಲ್ಲರಿಗೂ ಕರೆದು ತೋರಿಸಿದೆ.

ಮೇವು ಬದಲಿಸಲು ಆಗದವರು 800ರಾಚೆ ಬೆಳಗುವ ಇಂಡೋಸಯನೈನ್ ಗ್ರೀನ್ ಬಳಸಿ ನೋಡಿ. ಅಮೆರಿಕದಲ್ಲಿ 1959ರಿಂದಲೇ ಮನುಷ್ಯರ ಮೇಲೆ ಬಳಕೆಗೆ ಅನುಮತಿ ಪಡೆದಿರುವ ಡೈ ಅದು. ನೀರಿನಲ್ಲಿ ಬೇಗ ಕೆಡುತ್ತದೆ, ಆಗಿಂದಾಗಲೇ ಕಲಸಿ, ಬೆಳಕಿಗೆ ಒಡ್ಡಬೇಡಿ. ರಕ್ತನಾಳಕ್ಕೆ ಕೊಟ್ಟರೆ ಯಕೃತ್ತು ಅದನ್ನು ಪಿತ್ತದ ಮೂಲಕ ಕರುಳಿಗೆ ಬಿಡುತ್ತದೆ. ಆಗ ಹೊಟ್ಟೆ ಹೊಳೆದರೆ ಮೇವನ್ನು ದೂರಬೇಡಿ.