ನ್ಯಾನೊ ವಜ್ರದ ಮೈಗೆ ಆಂಟಿಬಾಡಿ ಕೂರಿಸುವ ಬಗೆ

ವಜ್ರ ಯಾವುದಕ್ಕೂ ಜಗ್ಗದು ಎನ್ನುವುದು ಅದರ ಒಳಗಿನ ಮಾತು. ಸ್ಫೋಟದಿಂದ ತಯಾರಾದ 5 ನ್ಯಾನೊಮೀಟರ್ ಪುಡಿಯ ಮೈಗೆ ಗ್ರಾಫೈಟಿನ ಮಸಿ ಮೆತ್ತಿರುತ್ತದೆ. ಆಂಟಿಬಾಡಿ (ಗುರಿಯ ಅಣುವನ್ನು ಗುರುತಿಸಿ ಹಿಡಿಯುವ ಪ್ರೋಟೀನು) ಕೂರಿಸಲು ಮೊದಲು ಅದನ್ನು ಸುಡಬೇಕು.

500 ಮಿಲಿಗ್ರಾಂ ಪುಡಿಯನ್ನು ಅಲ್ಯುಮಿನಾ ಬೋಟಿನಲ್ಲಿ (ಶಾಖ ತಡೆಯುವ ದೋಣಿಯಾಕಾರದ ತಟ್ಟೆ) ತೆಳ್ಳಗೆ ಹರಡಿ, ನಿಮಿಷಕ್ಕೆ 5 ಡಿಗ್ರಿಯಂತೆ ಏರಿಸಿ, ಬರೀ ಗಾಳಿಯಲ್ಲಿ 425 ಡಿಗ್ರಿ ಸೆಲ್ಸಿಯಸ್‌ನಲ್ಲಿ 5 ಗಂಟೆ ಇಡಿ. ರಾಶಿ ಹಾಕಿದರೆ ಅಡಿಯ ಪುಡಿಗೆ ಗಾಳಿ ತಲುಪದು. 450 ದಾಟಿದರೆ ವಜ್ರವೂ ಉರಿಯತೊಡಗುತ್ತದೆ; ಫರ್ನೇಸಿನ ಡಿಸ್‌ಪ್ಲೇ ನಂಬದೆ ಬೋಟಿನ ಪಕ್ಕ ಬೇರೊಂದು ಥರ್ಮೊಕಪಲ್ (ತಾಪ ಅಳೆಯುವ ತಂತಿ) ಇಡಿ. ಕಪ್ಪು ಪುಡಿ ಬೂದು ಬಣ್ಣಕ್ಕೆ ತಿರುಗಬೇಕು. ಆಟಿ ತಿಂಗಳ ಮಳೆಗೆ ನಡುವೆ ಕರೆಂಟು ಹೋದರೆ ಗಾಬರಿ ಬೇಡ, ಬಾಕಿ ಗಂಟೆಗಳನ್ನು ಆಮೇಲೆ ಕೊಟ್ಟರಾಯಿತು.

ಇನ್ನು ಆಮ್ಲ, ವಜ್ರದ ಮೈಮೇಲೆ ಕಾರ್ಬಾಕ್ಸಿಲ್ (ಆಂಟಿಬಾಡಿ ಕೂರಲು ಬೇಕಾದ ಆಮ್ಲ ಗುಂಪು) ಮೂಡಿಸಲು. 100 ಮಿಲಿಗ್ರಾಂ ಪುಡಿಗೆ 18 ಮಿಲಿಲೀಟರ್ ಸಾಂದ್ರ ಸಲ್ಫ್ಯೂರಿಕ್, 2 ಮಿಲಿಲೀಟರ್ ಸಾಂದ್ರ ನೈಟ್ರಿಕ್. 75 ಡಿಗ್ರಿಯಲ್ಲಿ ಮೂರು ದಿನ, ಫ್ಯೂಮ್ ಹುಡ್ (ವಿಷದ ಹೊಗೆ ಹೊರಗೆಳೆಯುವ ಗೂಡು) ಒಳಗೆ. ಅಸಿಟೋನ್ ಬಾಟಲಿ ಹತ್ತಿರ ಇರಲೇಬಾರದು. ತಣಿದ ಮೇಲೆ ಆಮ್ಲವನ್ನು ಐಸ್ ನೀರಿಗೆ ಸುರಿಯಿರಿ, ನೀರನ್ನು ಆಮ್ಲಕ್ಕಲ್ಲ. ಆಮೇಲೆ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ 90 ಡಿಗ್ರಿಗೆ 2 ಗಂಟೆ, ಅಷ್ಟೇ ಹೊತ್ತು 0.1 ಮೋಲಾರ್ ಹೈಡ್ರೋಕ್ಲೋರಿಕ್‌ನಲ್ಲಿ.

ಮಾಲು ಕಳೆದುಹೋಗುವುದು ತೊಳೆಯುವಾಗ. ಆಮ್ಲ ಇರುವಷ್ಟು ಹೊತ್ತು ಸೆಂಟ್ರಿಫ್ಯೂಜಿನಲ್ಲಿ ಕಣಗಳು ಸಲೀಸಾಗಿ ತಳ ಸೇರುತ್ತವೆ. ಆಮ್ಲ ಕಡಿಮೆಯಾದಂತೆ ಮೈಮೇಲಿನ ಕಾರ್ಬಾಕ್ಸಿಲ್‌ಗಳು ಋಣ ಆವೇಶ ಪಡೆದು ಒಂದನ್ನೊಂದು ದೂಡುತ್ತವೆ, ಮೇಲಿನ ನೀರು ಗಂಜಿ ತಿಳಿಯಂತೆ ಮಬ್ಬಾಗಿಯೇ ನಿಲ್ಲುತ್ತದೆ. ಹೊಸಬರು ಅದನ್ನು ಕೊಳೆಯೆಂದು ಚೆಲ್ಲುತ್ತಾರೆ. ಚೆಲ್ಲಿದ್ದೇ ಒಳ್ಳೆಯ ಮಾಲು! ಆ ಹಂತದಿಂದ ಡಯಾಲಿಸಿಸ್ ಚೀಲ (ಆಮ್ಲವನ್ನು ಹೊರಬಿಟ್ಟು ಕಣಗಳನ್ನು ಉಳಿಸುವ ಪೊರೆ) ಬಳಸಿ.

ಪಿಎಚ್ 7ರಲ್ಲಿ ಜೀಟಾ ಪೊಟೆನ್ಶಿಯಲ್ (ಕಣದ ಮೈಯ ಆವೇಶದ ಅಳತೆ) ಮೈನಸ್ 30 ಮಿಲಿವೋಲ್ಟ್ ಅಥವಾ ಅದಕ್ಕಿಂತ ಕೆಳಗಿದ್ದರೆ ಮುಂದುವರಿಯಬಹುದು. ಎಫ್‌ಟಿಐಆರ್‌ನಲ್ಲಿ (ಬಂಧಗಳನ್ನು ಗುರುತಿಸುವ ಇನ್ಫ್ರಾರೆಡ್ ಪರೀಕ್ಷೆ) ಸೆಂಟಿಮೀಟರಿಗೆ 1630 ಅಲೆಗಳ ಸುಮಾರಿನ ಪಟ್ಟಿಯನ್ನು ಕಾರ್ಬಾಕ್ಸಿಲ್ ಎಂದು ಓದಬೇಡಿ. ಅದು ಪುಡಿ ಹೀರಿಕೊಂಡ ತೇವ, ಮಂಗಳೂರಿನ ಹವೆಯಲ್ಲಿ ಬಾರದಿದ್ದರೇ ಆಶ್ಚರ್ಯ. ನಿಮಗೆ ಬೇಕಾದ್ದು 1700ರ ಮೇಲೆ.

ಈ ತೇವವೇ ಆಂಟಿಬಾಡಿಯ ಜೋಡಣೆಯನ್ನೂ ಕೆಡಿಸುತ್ತದೆ. ಫ್ರೀಜರಿನಿಂದ ತೆಗೆದ ಇಡಿಸಿ (ಕಾರ್ಬಾಕ್ಸಿಲಿಗೆ ಆಂಟಿಬಾಡಿಯ ಅಮೈನ್ ಗುಂಪನ್ನು ಜೋಡಿಸುವ ರಾಸಾಯನಿಕ) ಬಾಟಲಿಯನ್ನು ತಕ್ಷಣ ತೆರೆದರೆ ಒಳಗೆ ಹನಿ ಕಟ್ಟಿ ರಾಸಾಯನಿಕ ಸಾಯುತ್ತದೆ. ಡಿಸಿಕೇಟರಿನಲ್ಲೇ (ತೇವ ಹೀರಿ ಒಣಗಿಸಿಡುವ ಪಾತ್ರೆ) ಒಂದು ಗಂಟೆ ಬಿಟ್ಟು ತೆರೆಯಿರಿ, ಗಂಟುಗಟ್ಟಿದ್ದರೆ ಬಿಸಾಡಿ. ಎಂಇಎಸ್ ಬಫರಿನಲ್ಲಿ (ಪಿಎಚ್ ಏರುಪೇರಾಗದಂತೆ ಹಿಡಿಯುವ ದ್ರಾವಣ, 50 ಮಿಲಿಮೋಲಾರ್, ಪಿಎಚ್ 5.5ರಿಂದ 6) 1 ಮಿಲಿಗ್ರಾಂ ವಜ್ರಕ್ಕೆ 2 ಮಿಲಿಗ್ರಾಂ ಇಡಿಸಿ, 5 ಮಿಲಿಗ್ರಾಂ ಸಲ್ಫೊ-ಎನ್‌ಎಚ್‌ಎಸ್ (ಇಡಿಸಿ ಎಬ್ಬಿಸಿದ ಕಾರ್ಬಾಕ್ಸಿಲನ್ನು ಸ್ವಲ್ಪ ಹೊತ್ತು ಹಿಡಿದಿಡುವ ಜೊತೆಗಾರ) ಹಾಕಿ 20 ನಿಮಿಷ ಅಲುಗಾಡಿಸಿ. ಸೆಂಟ್ರಿಫ್ಯೂಜ್ ಮಾಡಿ, ಪಿಎಚ್ 7.4ರ 10 ಮಿಲಿಮೋಲಾರ್ ಫಾಸ್ಫೇಟಿಗೆ ಬದಲಿಸಿ, ತಡಮಾಡದೆ 100 ಮೈಕ್ರೊಗ್ರಾಂ ಆಂಟಿಬಾಡಿ ಸೇರಿಸಿ, 2 ಗಂಟೆ ಬಿಡಿ. ಮಾಮೂಲಿ ಪಿಬಿಎಸ್ (ಉಪ್ಪು ಬೆರೆತ ಫಾಸ್ಫೇಟ್ ಬಫರ್) ಬೇಡ, ಅದರ ಉಪ್ಪಿಗೆ ಕಣಗಳು ಒಡೆದ ಹಾಲಿನಂತೆ ಮುದ್ದೆಗಟ್ಟುತ್ತವೆ. ಆಂಟಿಬಾಡಿಯ ಜೊತೆ ಟ್ರಿಸ್, ಗ್ಲೈಸಿನ್ ಅಥವಾ ಬಿಎಸ್‌ಎ (ಹಸುವಿನ ರಕ್ತದ ಪ್ರೋಟೀನು) ಬಂದಿದ್ದರೆ ಮೊದಲೇ ತೆಗೆಯಿರಿ. ಅವುಗಳ ಅಮೈನ್‌ಗಳು ಜಾಗವನ್ನೆಲ್ಲ ನುಂಗುತ್ತವೆ. ಬಿಎಸ್‌ಎ ಕೊನೆಯಲ್ಲಿ, ಶೇಕಡ 1ರಷ್ಟು, ಖಾಲಿ ಉಳಿದ ಜಾಗ ಮುಚ್ಚಲು.

ಇಡಿಸಿ ಹಾಕದ ಇನ್ನೊಂದು ಟ್ಯೂಬು ಜೊತೆಗೇ ನಡೆಯಲಿ. ನ್ಯಾನೊ ವಜ್ರಕ್ಕೆ ಪ್ರೋಟೀನು ಸುಮ್ಮನೆ ಅಂಟಿಕೊಳ್ಳುವುದೂ ಬಹಳ. ಎರಡೂ ಟ್ಯೂಬಿನಲ್ಲಿ ಆಂಟಿಬಾಡಿಯ ಸಿಗ್ನಲ್ ಒಂದೇ ಆದರೆ ಬಂಧ ಆಗಿದೆ ಎನ್ನಲು ನಿಮ್ಮ ಬಳಿ ಆಧಾರವಿಲ್ಲ. ತಯಾರಾದ್ದನ್ನು 4 ಡಿಗ್ರಿಯಲ್ಲಿಡಿ. ಫ್ರೀಜರಿಗೆ ಹಾಕಬೇಡಿ, ಕರಗಿದಾಗ ಗಂಟಾಗಿರುತ್ತದೆ.