ಬಾಯಿ ಬಿಡದೆ ಕೂತ 20 ನಿಮಿಷ: ಟೆಕ್ನಿಕಲ್ ಕಮ್ಯುನಿಕೇಶನ್ ಓದಿದ ನನ್ನ ಅನುಭವ

ಬರೆಯೋದು ಕಲಿಯೋಕೆ ಯೂನಿವರ್ಸಿಟಿಗೆ ಹೋಗಬೇಕಾ ಅಂತ ಈಗಲೂ ಜನ ಕೇಳುತ್ತಾರೆ. ಸೇರುವ ಮುಂಚೆ ನನಗೂ ಇದೇ ಅನುಮಾನ ಇತ್ತು. ಅಷ್ಟೊತ್ತಿಗೆ ಎರಡು ವರ್ಷ ಸಾಫ್ಟ್‌ವೇರ್ ಮ್ಯಾನ್ಯುಯಲ್ ಬರೆದಿದ್ದೆ, ವ್ಯಾಕರಣ ಸರಿಯಿದೆ, ಸ್ಕ್ರೀನ್‌ಶಾಟ್ ಸರಿಯಿದೆ, ಇನ್ನೇನು ಬೇಕು ಅನ್ನೋ ಧೈರ್ಯ. ನಿಜ ಹೇಳಬೇಕೆಂದರೆ ಟೆಕ್ನಿಕಲ್ ಕಮ್ಯುನಿಕೇಶನ್, ಅಂದರೆ ಯಂತ್ರ, ಸಾಫ್ಟ್‌ವೇರ್ ಬಳಸೋದು ಹೇಗೆ ಅಂತ ಜನರಿಗೆ ಅರ್ಥ ಆಗುವ ಹಾಗೆ ಬರೆಯೋದನ್ನು ಕಲಿಸುವ ಮಾಸ್ಟರ್ಸ್‌ಗೆ ಸೇರಿದ್ದು ಸಂಬಳ ಸ್ವಲ್ಪ ಜಾಸ್ತಿ ಆಗಬಹುದು ಅಂತ.

ಮೊದಲ ಸೆಮಿಸ್ಟರ್‌ನಲ್ಲೇ ಆ ಧೈರ್ಯ ಇಳಿಯಿತು. ಲೇಸರ್ ಪ್ರಿಂಟರ್‌ನಲ್ಲಿ ಸಿಕ್ಕಿಕೊಂಡ ಕಾಗದವನ್ನು ಬಿಡಿಸೋದು ಹೇಗೆ ಅಂತ ಒಂದು ಪುಟ ಬರೆಯಬೇಕಿತ್ತು. ಭಾಷೆ ನಮ್ಮಿಷ್ಟ, ನಾನು ಕನ್ನಡದಲ್ಲಿ ಬರೆದೆ. ಆಮೇಲೆ ಬೇರೆ ವಿಭಾಗದ ಒಬ್ಬಳು ಆ ಪುಟ ಹಿಡಿದು ಪ್ರಿಂಟರ್ ಮುಂದೆ ನಿಂತಳು. ನಾನು ಪಕ್ಕದಲ್ಲಿ ಕೂತು ನೋಡಬೇಕು, 20 ನಿಮಿಷ, ಒಂದು ಮಾತೂ ಆಡೋ ಹಾಗಿಲ್ಲ.

ನಾಲ್ಕನೇ ಹೆಜ್ಜೆಯಲ್ಲಿ 'ಹಿಂದಿನ ಕವರ್ ತೆಗೆಯಿರಿ' ಅಂತ ಬರೆದಿದ್ದೆ. ಬಾಗಿಲು ತೆಗೆದ ಹಾಗೆ ತೆಗೆಯಲಿ ಅನ್ನೋದು ನನ್ನ ಮನಸ್ಸಿನಲ್ಲಿ. ಅವಳು ಅದನ್ನು ಕಿತ್ತು ತೆಗೆಯೋಕೆ ಹೊರಟಳು. ಎಳೆದಳು, ಬರಲಿಲ್ಲ, ನನ್ನ ಮುಖ ನೋಡಿದಳು, ಮತ್ತೆ ಪುಟ ನೋಡಿದಳು, ಇನ್ನೂ ಜೋರಾಗಿ ಎಳೆದಳು. ಪ್ಲಾಸ್ಟಿಕ್ ಟಕ್ ಅಂತು. ತಪ್ಪು ಅವಳದಲ್ವಲ್ಲ, 'ತೆಗೆ' ಅನ್ನೋದಕ್ಕೆ ಎರಡೂ ಅರ್ಥ ಇದೆ!

ಅದಕ್ಕಿಂತ ನಾಚಿಕೆ ಆಗಿದ್ದು ಆರನೇ ಹೆಜ್ಜೆಯಲ್ಲಿ. ರೋಲರ್ ಹತ್ತಿರ ಕೈ ಹಾಕಿ ಕಾಗದ ಎಳೆಯಿರಿ ಅಂತ ಮೊದಲು ಬರೆದು, ಆ ಭಾಗ ಬಿಸಿ ಇರುತ್ತೆ ಅನ್ನೋ ಎಚ್ಚರಿಕೆಯನ್ನು ಅದರ ಕೆಳಗೆ ಹಾಕಿದ್ದೆ. ಪ್ರಿಂಟ್ ಮಾಡುವಾಗ ಫ್ಯೂಸರ್, ಅಂದರೆ ಪುಡಿ ಶಾಯಿಯನ್ನು ಬಿಸಿ ಮಾಡಿ ಕಾಗದಕ್ಕೆ ಅಂಟಿಸುವ ಭಾಗ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಕಾಯುತ್ತೆ. ಪೂರ್ತಿ ಓದಿ ಆಮೇಲೆ ಕೈ ಹಾಕೋಣ ಅಂತ ಯಾರೂ ಕಾಯಲ್ಲ, ಓದುತ್ತಾ ಓದುತ್ತಾ ಮಾಡುತ್ತಾರೆ. ಪುಣ್ಯಕ್ಕೆ ಆ ದಿನ ಪ್ರಿಂಟರ್ ಆಫ್ ಆಗಿತ್ತು.

ಇಷ್ಟೆಲ್ಲಾ ಆದ ಮೇಲೇ ಪಾಠ ತಲೆಗೆ ಹೋಗಿದ್ದು. ವಿಮಾನ ರಿಪೇರಿ ಮ್ಯಾನ್ಯುಯಲ್‌ಗಳಿಗೆ ಅಂತಲೇ ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್ ಅನ್ನೋ ನಿಯಮಗಳಿವೆ. ಒಂದು ಪದಕ್ಕೆ ಒಂದೇ ಅರ್ಥ, ಕೆಲಸ ಹೇಳುವ ವಾಕ್ಯದಲ್ಲಿ 20 ಪದ ಮೀರಬಾರದು. ಮುಂಚೆ ಓದಿದ್ದರೆ ಎಂಥಾ ಹಟಮಾರಿತನ ಅಂತ ನಗುತ್ತಿದ್ದೆ. ಕನ್ನಡಕ್ಕೂ ಇಂಥದ್ದೊಂದು ಬೇಕು ಅಂತ ಈಗ ಅನ್ನಿಸುತ್ತೆ. ನಾನಂತೂ ನನ್ನ ಮಟ್ಟಿಗೆ ಬಾಗಿಲಿಗೆ 'ತೆರೆಯಿರಿ', ಸ್ಕ್ರೂಗೆ 'ಬಿಚ್ಚಿ' ಅಂತ ಗೆರೆ ಹಾಕಿಕೊಂಡಿದ್ದೇನೆ. 'ತೆಗೆಯಿರಿ' ಮುಟ್ಟೋದೇ ಇಲ್ಲ.

ಇದನ್ನೆಲ್ಲಾ ಕೆಲಸದಲ್ಲೇ ಕಲಿಯಬಹುದಲ್ವಾ? ಕಲಿಯಬಹುದು, ಆದರೆ ಆ ಎರಡು ವರ್ಷದಲ್ಲಿ ನಾನು ಬರೆದದ್ದನ್ನು ಯಾರಾದರೂ ಬಳಸೋದನ್ನು ಒಮ್ಮೆಯೂ ಕಣ್ಣಾರೆ ನೋಡಿರಲಿಲ್ಲ. ಆಫೀಸಿನಲ್ಲಿ ಡೆಡ್‌ಲೈನ್ ಮುಗಿದರೆ ಪುಟವೂ ಮುಗಿಯಿತು. ಓದುವವರು ಎಲ್ಲಿ ಎಡವಿದರು ಅನ್ನೋದು ನಮಗೆ ತಲುಪೋದೇ ಇಲ್ಲ, ಅವರು ಸುಮ್ನೆ ಸಪೋರ್ಟ್‌ಗೆ ಫೋನ್ ಮಾಡುತ್ತಾರೆ.

ಎಲ್ಲಾ ಕ್ಲಾಸೂ ಚೆನ್ನಾಗಿತ್ತು ಅಂತ ಹೇಳಲ್ಲ. ಟೂಲ್ ಕಲಿಸುವ ಪೇಪರ್ ದಂಡ, ನಾನು ಹೊರಗೆ ಬರುವಷ್ಟರಲ್ಲಿ ಆ ಸಾಫ್ಟ್‌ವೇರ್‌ನ ಮೆನುಗಳೇ ಬದಲಾಗಿದ್ದವು. ಡಿಐಟಿಎ, ಅಂದರೆ ಮ್ಯಾನ್ಯುಯಲನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಟ್ಯಾಗ್ ಹಾಕಿ ಬರೆಯುವ ಪದ್ಧತಿ, ಅದು ಮಾತ್ರ ಉಳಿಯಿತು. ಅದೂ ಟ್ಯಾಗುಗಳಿಗಾಗಿ ಅಲ್ಲ, ಇದು ಏನು ಅನ್ನೋ ವಿವರಣೆ, ಮಾಡೋದು ಹೇಗೆ ಅನ್ನೋ ಹೆಜ್ಜೆಗಳು, ಹುಡುಕಿ ನೋಡುವ ಪಟ್ಟಿ, ಈ ಮೂರನ್ನು ಕಲಸಬೇಡ ಅನ್ನೋ ಬುದ್ಧಿಗಾಗಿ. ಈಗ ಮೊದಲ ಡ್ರಾಫ್ಟನ್ನು ಎಐ ಕೈಲಿ ಬರೆಸಿದರೂ ಮೊದಲು ನೋಡೋದು ಈ ಮೂರು ಕಲಸಿದೆಯಾ ಅಂತಲೇ. ಎಚ್ಚರಿಕೆ ಎಲ್ಲಿದೆ ಅಂತಲೂ ನೋಡುತ್ತೇನೆ, ಎಐ ಕೂಡ ನನ್ನ ಹಾಗೇ ಅದನ್ನು ಹೆಜ್ಜೆಯ ಕೆಳಗೆ ಹಾಕಿಬಿಡುತ್ತೆ.

ಸೇರಬೇಕು ಅಂತಿದ್ದರೆ ಸಿಲಬಸ್ ತೆರೆದು ನೋಡಿ. ಯೂಸಬಿಲಿಟಿ ಟೆಸ್ಟಿಂಗ್, ಅಂದರೆ ಬರೆದದ್ದನ್ನು ಬೇರೆಯವರು ಬಳಸೋದನ್ನು ಕೂತು ನೋಡುವ ಪರೀಕ್ಷೆ, ಇದೆಯಾ, ಅದನ್ನು ನಿಜವಾದ ಜನರ ಜೊತೆ ಮಾಡಿಸುತ್ತಾರಾ ಅಂತ ಕೇಳಿ. ಬರೀ ಸಾಫ್ಟ್‌ವೇರ್ ಹೆಸರುಗಳೇ ತುಂಬಿದ್ದರೆ ಬೇರೆ ಕಡೆ ಹುಡುಕಿ.