ಖೋ ಖೋ ಅಕ್ಕನಿಗೆ ನಾವು ಸನ್ಮಾನ ಮಾಡಿದ್ದು

ಕಾಲೇಜಿನಲ್ಲಿ ನಮ್ಮ ಖೋ ಖೋ ಕ್ಯಾಪ್ಟನ್ ಆಗಿದ್ದವರಿಗೆ ಸನ್ಮಾನ ಮಾಡಬೇಕು ಅಂತ ನಾವು ಏಳೆಂಟು ಹಳೇ ಆಟಗಾರ್ತಿಯರು ಚಿತ್ರದುರ್ಗದಲ್ಲಿ ಸೇರಿದ್ದೆವು. ನಮಗೆಲ್ಲ ಅವರು ಈಗಲೂ ಅಕ್ಕ. ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಬಂದುಬಿಡುವುದು ಯಾರಿಗೂ ಇಷ್ಟವಿರಲಿಲ್ಲ. ಸನ್ಮಾನ ಪತ್ರ ಬರೆಯುವ ಕೆಲಸ ನನಗೆ ಬಂತು.

ಮೊದಲು ದಾಖಲೆ ಹುಡುಕಿದೆ. ಅಕ್ಕ ಆಡಿದ್ದು 1982ರಿಂದ 1985ರವರೆಗೆ. ನಮ್ಮ ಕಡೆಗೆ ಕುವೆಂಪು ವಿಶ್ವವಿದ್ಯಾಲಯ ಬಂದದ್ದು 1987ರಲ್ಲಿ. ಹಾಗಾಗಿ ಅಕ್ಕನ ಸರ್ಟಿಫಿಕೇಟ್ ಮೇಲೆಲ್ಲ ಮೈಸೂರು ವಿಶ್ವವಿದ್ಯಾಲಯದ ಮುದ್ರೆ. ಇನ್ನೊಂದು ತೊಡಕು, ಅವುಗಳಲ್ಲಿ ಇರುವುದು ತವರುಮನೆಯ ಇನಿಷಿಯಲ್. ಹಳೇ ಆಟಗಾರ್ತಿಯರ ದಾಖಲೆ ಹುಡುಕುವವರು ಇವೆರಡನ್ನೂ ಮೊದಲೇ ಕೇಳಿಟ್ಟುಕೊಳ್ಳಿ, ಸುಮ್ನೆ ಅಲೆಯುವುದು ತಪ್ಪುತ್ತದೆ.

ಸರ್ಟಿಫಿಕೇಟಿನಲ್ಲಿ ಆಟ ಕಾಣುವುದಿಲ್ಲ ಅಲ್ವಾ? ಅದಕ್ಕೆ ತಂಡದವರಿಗೆ ಫೋನ್ ಮಾಡಿದೆ. "ಹೇಗೆ ಆಡ್ತಿದ್ರು" ಅಂದರೆ "ತುಂಬಾ ಚೆನ್ನಾಗಿ" ಅಂದು ಸುಮ್ಮನಾಗುತ್ತಾರೆ. "ಯಾವ ಚೌಕದಲ್ಲಿ ಕೂರ್ತಿದ್ರು" ಅಂತ ಕೇಳಿದ ಮೇಲೆ ಮಾತು ಹರಿಯಿತು. ಅಕ್ಕ ಎಂಟನೇ ಚೌಕದವರು, ಕಂಬದ ಪಕ್ಕ. ಎಡಗೈಯಲ್ಲಿ ಕಂಬ ಹಿಡಿದು, ಇಡೀ ಮೈ ಆಚೆ ಚೆಲ್ಲಿ, ಬಲಗೈ ಬೆರಳ ತುದಿಯಲ್ಲಿ ಎದುರಾಳಿಯನ್ನು ಮುಟ್ಟಿಬಿಡುತ್ತಿದ್ದರು. ಆಗ ಮ್ಯಾಟ್ ಎಲ್ಲಿ? ಮಣ್ಣು, ಕಲ್ಲು. ಬಲ ಮೊಣಕೈಯಲ್ಲಿ ಆ ಗಾಯದ ಗುರುತು ಇವತ್ತಿಗೂ ಬಿಳೀ ಗೆರೆಯಾಗಿ ಉಳಿದಿದೆ.

ಬರೆದದ್ದನ್ನು ಅಕ್ಕನ ಮಗಳಿಗೆ ಓದಿ ಹೇಳಿದೆ. "ಆಂಟಿ, ಇದು 1985ಕ್ಕೇ ಮುಗಿದುಹೋಯ್ತಲ್ಲ. ಅಮ್ಮನ ಕೆಲಸ ಶುರುವಾಗಿದ್ದೇ ಆಮೇಲೆ" ಅಂದಳು. ನನಗೆ ನಾಚಿಕೆಯಾಯಿತು. ಮರುದಿನವೇ ಹೊಳಲ್ಕೆರೆ ಕಡೆಯ ಅವರ ಊರಿಗೆ ಬಸ್ ಹತ್ತಿದೆ.

ಮದುವೆಯಾದ ಮೇಲೆ ಅಕ್ಕ ಅಂಗನವಾಡಿ ಕೆಲಸಕ್ಕೆ ಸೇರಿದ್ದರು. ಸಂಜೆಯಾದರೆ ಶಾಲೆ ಅಂಗಳದಲ್ಲಿ ಎರಡು ನೀಲಗಿರಿ ಕಂಬ ನೆಟ್ಟು, ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಊರಿನ ಹುಡುಗಿಯರಿಗೆ ಆಟ ಕಲಿಸುತ್ತಿದ್ದರು. "ಹೆಣ್ಣುಮಕ್ಳು ಹಿಂಗೆ ಬಿದ್ದು ಏಳೋದಾ" ಅಂದ ಮನೆಗಳಿಗೆ ತಾವೇ ಹೋಗಿ, ಜಗಲಿ ಮೇಲೆ ಕೂತು ಒಪ್ಪಿಸಿ ಬರುತ್ತಿದ್ದರು. ಹಾಗೆ ಕಲಿತವರಲ್ಲಿ ಒಬ್ಬಳು ಈಗ ಪೊಲೀಸ್, ಇನ್ನೊಬ್ಬಳು ಪಿ.ಟಿ. ಟೀಚರ್. ಪತ್ರದಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ ಆಯಿತು. ಆಗಲೇಬೇಕಿತ್ತು.

ಕಾರ್ಯಕ್ರಮ ಅದೇ ಅಂಗಳದಲ್ಲಿ ಇಟ್ಟುಕೊಂಡೆವು. ಭಾಷಣ ಎರಡೇ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು ನಮ್ಮ ಹುಡುಗಿಯರು ಗೆದ್ದರಲ್ಲ, ಅದನ್ನು ಟಿವಿಯಲ್ಲಿ ನೋಡಿದ ಮೇಲೇ ಅಜ್ಜಿ ಆಡಿದ್ದು ಏನು ಅಂತ ಮೊಮ್ಮಗನಿಗೆ ಗೊತ್ತಾಯಿತಂತೆ.

ಹಳೇ ತಂಡದ ಫೋಟೋ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಕೊಟ್ಟೆವು. ಅಕ್ಕ ಅದನ್ನು ತಿರುಗಿಸಿ ನೋಡಿದರು. "ಹನ್ನೆರಡು ಜನರ ಹೆಸರೂ ಬರೀಬೇಕಿತ್ತು ಕಣೇ" ಅಂತ ಪೆನ್ನು ಕೇಳಿದರು. ಇಬ್ಬರ ಹೆಸರು ನಮ್ಮಲ್ಲಿ ಯಾರಿಗೂ ನೆನಪಿರಲಿಲ್ಲ. ಅಕ್ಕನಿಗಿತ್ತು, ಇನಿಷಿಯಲ್ ಸಮೇತ.